ಲೆಕ್ಕಪತ್ರದ ಕಚೇರಿಯಿಂದ ಪ್ರಯೋಗಾಲಯಕ್ಕೆ: ಸರ್ ಸಿ.ವಿ. ರಾಮನ್ ಅವರ ಹತ್ತು ವರ್ಷಗಳು

ನಮ್ಮ ಪ್ರೌಢಶಾಲೆ ಐವತ್ತು ವರ್ಷ ಪೂರೈಸಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಗುರುಗಳು ಕೇಳಿದಾಗ ಸಂತೋಷವೂ ಆಯಿತು, ಅಳುಕೂ ಆಯಿತು. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಪ್ರೋಗ್ರಾಂ ಬರೆಯುವ ನನಗೆ ಕನ್ನಡದಲ್ಲಿ ಲೇಖನ ಬರೆದು ಅಭ್ಯಾಸವಿಲ್ಲ. ಆದರೂ ಈ ಶಾಲೆಯ ಅಂಗಳದಲ್ಲಿ ಕಲಿತ ಅಕ್ಷರದ ಋಣ ದೊಡ್ಡದು. ಆ ಧೈರ್ಯದಿಂದಲೇ ಬರೆಯಲು ಕುಳಿತಿದ್ದೇನೆ.

ಊರಿಗೆ ಬಂದಾಗಲೆಲ್ಲ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಮಕ್ಕಳೂ ಅವರ ತಂದೆತಾಯಿಯರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ. ಮುಂದೇನು ಓದಬೇಕು, ಯಾವುದಕ್ಕೆ ಬೇಗ ಕೆಲಸ ಸಿಗುತ್ತದೆ? ಇಷ್ಟವಾದದ್ದನ್ನು ಓದಿ ಎಂದು ಭಾಷಣ ಮಾಡುವುದು ಸುಲಭ. ಆದರೆ ಮನೆಯ ಮೇಲೆ ಸಾಲವಿರುವಾಗ, ತಂಗಿಯ ಮದುವೆ ಬಾಕಿಯಿರುವಾಗ ಆ ಮಾತು ಹೊಟ್ಟೆ ತುಂಬಿಸುವುದಿಲ್ಲ. ಹಾಗೆಂದು ಸಂಬಳ ಮಾತ್ರ ನೋಡಿ ಎನ್ನುವುದಕ್ಕೂ ಮನಸ್ಸು ಒಪ್ಪುವುದಿಲ್ಲ. ಈ ಎರಡರ ನಡುವೆ ದಾರಿ ಮಾಡಿಕೊಂಡ ಒಬ್ಬ ಮಹನೀಯರ ಬದುಕನ್ನು ಇಲ್ಲಿ ಹೇಳುತ್ತೇನೆ. ಅವರೇ ಸರ್ ಚಂದ್ರಶೇಖರ ವೆಂಕಟ ರಾಮನ್. ನಮ್ಮ ವಿಜ್ಞಾನದ ಕೋಣೆಯ ಗೋಡೆಯ ಮೇಲೆ ರುಮಾಲು ಸುತ್ತಿದ ಅವರ ಚಿತ್ರ ತೂಗುಹಾಕಿದ್ದುದು ನನ್ನ ವಾರಗೆಯ ಎಲ್ಲರಿಗೂ ನೆನಪಿರಬಹುದು. ಅವರು ನೊಬೆಲ್ ಬಹುಮಾನ ಪಡೆದದ್ದನ್ನು ಪಾಠದಲ್ಲಿ ಓದಿದ್ದೇವೆ. ಆದರೆ ಅದಕ್ಕೂ ಮೊದಲು ಹತ್ತು ವರ್ಷ ಅವರು ಸರ್ಕಾರಿ ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾಗಿದ್ದರೆಂಬುದು ಅಷ್ಟಾಗಿ ನಮ್ಮ ಗಮನಕ್ಕೆ ಬಂದಿರಲಿಲ್ಲ.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಶಾಲಾ ಮಾಸ್ತರರಾಗಿದ್ದು, ನಂತರ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರಾದರು. ತಾಯಿ ಪಾರ್ವತಿ ಅಮ್ಮಾಳ್. ಎಂಟು ಮಕ್ಕಳಲ್ಲಿ ರಾಮನ್ ಎರಡನೆಯವರು. ಮನೆಯಲ್ಲಿ ಹಣ ಹೆಚ್ಚಿರಲಿಲ್ಲ, ಪುಸ್ತಕಗಳಿದ್ದವು, ಸಂಗೀತವಿತ್ತು. ಹುಡುಗ 11ನೇ ವಯಸ್ಸಿಗೇ ಮೆಟ್ರಿಕ್ಯುಲೇಷನ್ ಮುಗಿಸಿದ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿ 1904ರಲ್ಲಿ ಬಿ.ಎ. ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದು ಭೌತಶಾಸ್ತ್ರದ ಚಿನ್ನದ ಪದಕ ಗೆದ್ದ. ಅಲ್ಲಿನ ಪ್ರಾಧ್ಯಾಪಕ ಜೋನ್ಸ್ ಅವರು ಈ ವಿದ್ಯಾರ್ಥಿಯನ್ನು ತರಗತಿಯಲ್ಲಿ ಕಟ್ಟಿಹಾಕದೆ ಪ್ರಯೋಗಾಲಯದಲ್ಲಿ ತನ್ನ ಪಾಡಿಗೆ ಕೆಲಸ ಮಾಡಲು ಬಿಟ್ಟರು. 1906ರಲ್ಲಿ, ಇನ್ನೂ ಹದಿನೆಂಟು ತುಂಬುವ ಹೊತ್ತಿಗೆ, ಬೆಳಕಿನ ಕುರಿತ ಅವರ ಮೊದಲ ಸಂಶೋಧನಾ ಲೇಖನ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್ ಪತ್ರಿಕೆಯಲ್ಲಿ ಅಚ್ಚಾಯಿತು.

1907ರಲ್ಲಿ ಎಂ.ಎ. ಮುಗಿಯಿತು. ಇಂದು ನಮ್ಮ ಮಕ್ಕಳು ನಿಲ್ಲುವ ಕವಲುದಾರಿಯಲ್ಲೇ ಆಗ ರಾಮನ್ ನಿಂತಿದ್ದರು. ವಿಜ್ಞಾನದಲ್ಲಿ ಮುಂದುವರಿಯಬೇಕೆಂದರೆ ಇಂಗ್ಲೆಂಡಿಗೆ ಹೋಗಬೇಕಿತ್ತು. ಆದರೆ ಪರೀಕ್ಷಿಸಿದ ವೈದ್ಯರು, ಈ ಬಡಕಲು ಶರೀರ ಅಲ್ಲಿನ ಚಳಿಯನ್ನು ತಾಳದು ಎಂದು ತಡೆದರು. ಭಾರತದಲ್ಲಿ ಸಂಶೋಧನೆಯನ್ನೇ ವೃತ್ತಿಯಾಗಿ ಮಾಡಿಕೊಂಡು ಹೊಟ್ಟೆ ಹೊರೆಯುವ ಅವಕಾಶ ಆಗ ಇಲ್ಲವೇ ಇಲ್ಲ ಎನ್ನಬೇಕು. ಅಣ್ಣ ಸುಬ್ರಹ್ಮಣ್ಯ ಅಯ್ಯರ್ ಆಗಲೇ ಹಣಕಾಸು ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. (ಮುಂದೆ 1983ರಲ್ಲಿ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಇವರ ಮಗ.) ರಾಮನ್ ಕೂಡ ಅದೇ ಇಲಾಖೆಯ ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತರು. ಅಲ್ಲಿ ಭೌತಶಾಸ್ತ್ರಕ್ಕೆ ಸಂಬಂಧವಿಲ್ಲದ ಇತಿಹಾಸ, ಅರ್ಥಶಾಸ್ತ್ರದಂಥ ವಿಷಯಗಳನ್ನೂ ಓದಬೇಕಿತ್ತು. ಅದನ್ನೂ ಓದಿ ಮೊದಲಿಗರಾಗಿ ತೇರ್ಗಡೆಯಾದರು. ಅದೇ ವರ್ಷ ಲೋಕಸುಂದರಿ ಅವರೊಡನೆ ಮದುವೆಯಾಯಿತು. ಹದಿನೆಂಟರ ಹುಡುಗ ಹೆಂಡತಿಯೊಂದಿಗೆ ಕಲ್ಕತ್ತಾಕ್ಕೆ ಹೋಗಿ ಸಹಾಯಕ ಅಕೌಂಟೆಂಟ್ ಜನರಲ್ ಹುದ್ದೆಯಲ್ಲಿ ಕುಳಿತರು.

ಒಳ್ಳೆಯ ಸಂಬಳ, ಗೌರವದ ಹುದ್ದೆ, ಮುಂದೆ ಪಿಂಚಣಿ. ಊರಿನವರ ಕಣ್ಣಿಗೆ ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು.

ಆದರೆ ಮುಗಿಯಲಿಲ್ಲ. ಒಂದು ದಿನ ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ರಸ್ತೆಯಲ್ಲಿ ಭಾರತೀಯ ವಿಜ್ಞಾನ ಪ್ರಸಾರ ಸಂಘ ಎಂಬ ಅರ್ಥದ ಫಲಕ ಅವರ ಕಣ್ಣಿಗೆ ಬಿತ್ತು. ಇಳಿದು ಹೋಗಿ ವಿಚಾರಿಸಿದರು. 1876ರಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು, ಭಾರತೀಯರೇ ವಿಜ್ಞಾನ ಬೆಳೆಸಬೇಕೆಂಬ ಹಂಬಲದಿಂದ ಚಂದಾ ಎತ್ತಿ ಕಟ್ಟಿದ ಸಂಸ್ಥೆ ಅದು. ಕಟ್ಟಡವಿತ್ತು, ಸಲಕರಣೆಗಳಿದ್ದವು, ಸಂಶೋಧನೆ ಮಾಡುವವರು ಮಾತ್ರ ಇರಲಿಲ್ಲ. ಸಂಸ್ಥಾಪಕರ ಮಗ ಅಮೃತಲಾಲ್ ಸರ್ಕಾರ್ ಆಗ ಕಾರ್ಯದರ್ಶಿ. ಅವರು ಈ ಯುವಕನಿಗೆ ಬಾಗಿಲು ತೆರೆದುಕೊಟ್ಟರು.

ಅಂದಿನಿಂದ ರಾಮನ್ ಅವರ ದಿನಚರಿ ಹೀಗಾಯಿತು. ನಸುಕಿನಲ್ಲೇ ಪ್ರಯೋಗಾಲಯ. ಒಂಬತ್ತೂವರೆ ಸುಮಾರಿಗೆ ಮನೆಗೆ ಬಂದು ಸ್ನಾನ, ಊಟ, ಅವಸರದಲ್ಲಿ ಕಚೇರಿ. ಸಂಜೆ ಐದಕ್ಕೆ ಕಚೇರಿಯಿಂದ ನೇರ ಮತ್ತೆ ಪ್ರಯೋಗಾಲಯ, ರಾತ್ರಿ ಒಂಬತ್ತು ಹತ್ತರವರೆಗೆ. ಭಾನುವಾರ ಪೂರ್ತಿ ಅಲ್ಲೇ. ಆಶುತೋಷ್ ಡೇ ಎಂಬ ಸಹಾಯಕರೊಬ್ಬರು ಜೊತೆಗಿದ್ದರು. ಪಿಟೀಲಿನ ತಂತಿ ಹೇಗೆ ಕಂಪಿಸುತ್ತದೆ, ವೀಣೆಯ ನಾದ ಹೇಗೆ ಹುಟ್ಟುತ್ತದೆ ಎಂಬಂಥ ಪ್ರಶ್ನೆಗಳನ್ನು ಹಿಡಿದು, ಇದ್ದ ಸಲಕರಣೆಯಲ್ಲೇ ಪ್ರಯೋಗ ನಡೆಸಿ ಲೇಖನ ಬರೆದರು. ನಡುವೆ 1909ರಲ್ಲಿ ರಂಗೂನಿಗೆ, ಆಮೇಲೆ ನಾಗಪುರಕ್ಕೆ ವರ್ಗವಾಯಿತು. 1911ರಲ್ಲಿ ಕಲ್ಕತ್ತಾಕ್ಕೆ ಮರಳಿದ ಕೂಡಲೇ ಹಳೆಯ ದಿನಚರಿ ಮತ್ತೆ ಶುರು. ಇಷ್ಟಾದರೂ ಕಚೇರಿಯ ಕೆಲಸದಲ್ಲಿ ಅವರು ಮೈಗಳ್ಳತನ ಮಾಡಿದವರಲ್ಲ. ದಕ್ಷ ಅಧಿಕಾರಿಯೆಂದೇ ಇಲಾಖೆ ಅವರನ್ನು ಎಣಿಸಿತ್ತು.

ಈ ಭಾಗ ಓದಿದಾಗಲೆಲ್ಲ ನನಗೆ ನನ್ನ ವೃತ್ತಿಯವರ ನೆನಪಾಗುತ್ತದೆ. ಕೆಲಸ ಮುಗಿಸಿ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕಳೆದು ಮನೆ ಸೇರಿದ ಮೇಲೆ ಪುಸ್ತಕ ಹಿಡಿಯುವುದು ಎಷ್ಟು ಕಷ್ಟವೆಂದು ಬಲ್ಲೆ. ನಾನು ಬಿ.ಇ. ಸೇರಿದ್ದು ಕಂಪ್ಯೂಟರಿನ ಮೋಹದಿಂದಲ್ಲ. ಬ್ಯಾಂಕ್ ಸಾಲ ತೀರಿಸಬಲ್ಲ ಕೆಲಸ ಬೇಕಿತ್ತು. ಮೊದಲ ಸಂಬಳದಿಂದ ಮನೆಯ ಹೆಂಚು ಬದಲಾಯಿಸಿದೆವು. ಅದರ ಬಗ್ಗೆ ನನಗೆ ಹೆಮ್ಮೆಯೇ ಇದೆ. ಗಣಿತದ ಮೇಲಿನ ಪ್ರೀತಿ ಈ ಶಾಲೆಯಲ್ಲಿ ಹುಟ್ಟಿದ್ದು. ಅದನ್ನು ಆರಲು ಬಿಡದೆ ಶನಿವಾರ ಸಂಜೆ ನಮ್ಮ ಬಡಾವಣೆಯ ನಾಲ್ಕಾರು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ರಾಮನ್ ಅವರ ಸಾಧನೆಗೂ ಇದಕ್ಕೂ ಹೋಲಿಕೆಯಿಲ್ಲ. ಆದರೆ ಸಂಬಳದ ಕೆಲಸ ಮಾಡುತ್ತಲೇ ಇಷ್ಟದ ಕೆಲಸಕ್ಕೂ ಜಾಗ ಉಳಿಸಿಕೊಳ್ಳಬಹುದೆಂಬ ಧೈರ್ಯ ನನಗೆ ಬಂದದ್ದು ಅವರ ಬದುಕಿನಿಂದ.

ಹತ್ತು ವರ್ಷದ ನಂತರ ಇನ್ನೊಂದು ಕವಲು ಬಂತು. ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಸರ್ ಆಶುತೋಷ್ ಮುಖರ್ಜಿಯವರು ಈ ಲೆಕ್ಕಪತ್ರದ ಅಧಿಕಾರಿಯ ಸಂಜೆಯ ಕೆಲಸವನ್ನು ಗಮನಿಸುತ್ತಿದ್ದರು. ತಾರಕನಾಥ ಪಾಲಿತ್ ಎಂಬ ವಕೀಲರ ದಾನದಿಂದ ಸ್ಥಾಪನೆಯಾಗಿದ್ದ ಭೌತಶಾಸ್ತ್ರದ ಪ್ರಾಧ್ಯಾಪಕ ಹುದ್ದೆಗೆ ರಾಮನ್ ಅವರನ್ನು ಕರೆದರು. ಸಂಬಳ ಮಾತ್ರ ಸರ್ಕಾರಿ ಸಂಬಳದ ಸುಮಾರು ಅರ್ಧದಷ್ಟು. ಇಲಾಖೆಯಲ್ಲಿ ಇನ್ನೂ ಮೇಲಿನ ಹುದ್ದೆಗಳು ಕಾದಿದ್ದವು. ಆ ಪೀಠಕ್ಕೆ ಬರುವವರು ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ನಿಯಮವೂ ಇತ್ತು. ಅದಕ್ಕಾಗಿ ಹೊರದೇಶಕ್ಕೆ ಹೋಗಲು ರಾಮನ್ ಒಪ್ಪಲಿಲ್ಲ. ವಿಶ್ವವಿದ್ಯಾಲಯವೇ ನಿಯಮ ಸಡಿಲಿಸಿತು. 1917ರಲ್ಲಿ ರಾಮನ್ ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪ್ರಾಧ್ಯಾಪಕರಾದರು. ಆಗ ಅವರಿಗೆ 28 ವರ್ಷ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. 1921ರಲ್ಲಿ ಮೊದಲ ಬಾರಿ ಇಂಗ್ಲೆಂಡಿಗೆ ಹೋಗಿ ಬರುವಾಗ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರ ಮನಸ್ಸನ್ನು ಸೆಳೆಯಿತು. ನೀರು ಆಕಾಶದ ಬಣ್ಣವನ್ನು ಬರಿದೇ ಪ್ರತಿಫಲಿಸುತ್ತಿಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದು ತೋರಿಸಿದರು. ಆ ಜಾಡು ಹಿಡಿದು ಕೆ.ಎಸ್. ಕೃಷ್ಣನ್ ಮೊದಲಾದ ಶಿಷ್ಯರೊಂದಿಗೆ ವರ್ಷಗಟ್ಟಲೆ ದುಡಿದರು. ಒಂದು ಬಣ್ಣದ ಬೆಳಕು ದ್ರವದ ಮೂಲಕ ಹಾಯ್ದು ಚದುರಿದಾಗ ಅದರಲ್ಲಿ ಸ್ವಲ್ಪ ಭಾಗ ಬೇರೆ ಬಣ್ಣಕ್ಕೆ ತಿರುಗುತ್ತದೆ. ಇದು 1928ರ ಫೆಬ್ರವರಿ 28ರಂದು ಖಚಿತವಾಯಿತು. ಇದೇ ರಾಮನ್ ಪರಿಣಾಮ. ಅದು ನಡೆದದ್ದು ಅದೇ ಬೌಬಜಾರಿನ ಪ್ರಯೋಗಾಲಯದಲ್ಲಿ. 1930ರಲ್ಲಿ ನೊಬೆಲ್ ಬಂತು. ನಾವು ಪ್ರತಿ ವರ್ಷ ಶಾಲೆಯಲ್ಲಿ ವಿಜ್ಞಾನ ದಿನ ಆಚರಿಸುವುದು ಆ ಫೆಬ್ರವರಿ 28ರ ನೆನಪಿಗೇ.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದು ನಮ್ಮವರೇ ಆದರು. ನಿವೃತ್ತಿಯ ಮೇಲೆ, ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. 1954ರಲ್ಲಿ ಭಾರತರತ್ನ ಸಂದಿತು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲೇ ಕಣ್ಮುಚ್ಚಿದರು. ಮೇಖ್ರಿ ವೃತ್ತದ ಹತ್ತಿರ ಮರಗಳ ನಡುವೆ ಆ ಸಂಸ್ಥೆ ಇಂದಿಗೂ ಇದೆ.

ಈ ಬದುಕಿನಿಂದ ನಮ್ಮ ಮಕ್ಕಳು ಏನು ತೆಗೆದುಕೊಳ್ಳಬಹುದು? ನನಗೆ ಕಂಡದ್ದು ಮೂರು ವಿಷಯ. ಒಂದು, ಮೊದಲ ಕೆಲಸವೇ ಕೊನೆಯ ಕೆಲಸವಲ್ಲ. ಮನೆಯ ಅನಿವಾರ್ಯಕ್ಕೆ ಸಿಕ್ಕ ಕೆಲಸ ಹಿಡಿದರೆ ನಾಚಿಕೆಪಡಬೇಕಾಗಿಲ್ಲ, ರಾಮನ್ ಅಂಥವರೂ ಹಾಗೆ ಮಾಡಿದ್ದಾರೆ. ಎರಡು, ಇಷ್ಟದ ವಿಷಯಕ್ಕೆ ದಿನದಲ್ಲಿ ಒಂದು ಗಂಟೆಯಾದರೂ ತೆಗೆದಿಡಬೇಕು. ಅವಕಾಶ ಬಂದಾಗ ತೋರಿಸಲು ಕೈಯಲ್ಲಿ ಕೆಲಸ ಇರಬೇಕು. ಸಂಜೆಯ ಹತ್ತು ವರ್ಷದ ದುಡಿಮೆ ಇಲ್ಲದಿದ್ದರೆ ಮುಖರ್ಜಿಯವರ ಕರೆ ಬರುತ್ತಿರಲಿಲ್ಲ. ಮೂರನೆಯದು ಹಿರಿಯರಿಗೆ. ಜೋನ್ಸ್ ಅವರು ಪ್ರಯೋಗಾಲಯ ಬಿಟ್ಟುಕೊಡದಿದ್ದರೆ, ಅಮೃತಲಾಲರು ಬಾಗಿಲು ತೆರೆಯದಿದ್ದರೆ, ಅರ್ಧ ಸಂಬಳದ ಸಂಸಾರವನ್ನು ಲೋಕಸುಂದರಿಯವರು ತೂಗಿಸದಿದ್ದರೆ ರಾಮನ್ ದಕ್ಷ ಲೆಕ್ಕಾಧಿಕಾರಿಯಾಗಿಯೇ ನಿವೃತ್ತರಾಗುತ್ತಿದ್ದರೇನೋ.

ಕಲ್ಕತ್ತಾದಲ್ಲಿ ಸಂಜೆ ಹೊತ್ತು ತೆರೆದಿದ್ದ ಒಂದು ಪ್ರಯೋಗಾಲಯ ಸಿಕ್ಕಿತ್ತು. ನಮ್ಮೂರಿನ ಮಕ್ಕಳಿಗೆ ಅಂಥ ಜಾಗ ಯಾವುದು? ಶಾಲೆಯ ಗ್ರಂಥಾಲಯವನ್ನೂ ವಿಜ್ಞಾನದ ಕೋಣೆಯನ್ನೂ ಸಂಜೆ ಎರಡು ಗಂಟೆ ತೆರೆದಿಡಲು ಹಳೆಯ ವಿದ್ಯಾರ್ಥಿಗಳಾದ ನಾವೆಲ್ಲ ಸೇರಿ ಏರ್ಪಾಡು ಮಾಡಬಹುದಲ್ಲವೇ? ಸುವರ್ಣ ಮಹೋತ್ಸವದ ನೆನಪಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ತೋಚುತ್ತಿಲ್ಲ. ನನ್ನ ಪಾಲಿನ ಹಣವನ್ನೂ ತಿಂಗಳಿಗೆ ಎರಡು ಶನಿವಾರವನ್ನೂ ಕೊಡಲು ನಾನು ಸಿದ್ಧನಿದ್ದೇನೆ.