ಮಾಲ್ಥಸ್ ಪಾದ್ರಿಯ ಲೆಕ್ಕ

ಜನಸಂಖ್ಯೆ ಗುಣೋತ್ತರ ಶ್ರೇಢಿಯಲ್ಲಿ, ಆಹಾರ ಸಮಾಂತರ ಶ್ರೇಢಿಯಲ್ಲಿ ಬೆಳೆಯುವುದೆಂಬ ಮಾಲ್ಥಸ್‌ನ ಸೂತ್ರವನ್ನು ವಿದ್ಯಾರ್ಥಿದೆಸೆಯಲ್ಲಿ ನಾನು ಕಂಠಪಾಠ ಮಾಡಿದ್ದೆ. ಅದನ್ನು ಬರೆದವನು ಕಲ್ಲೆದೆಯವನೆಂದೇ ಬಹುಕಾಲ ಭಾವಿಸಿದ್ದೆ.

ಅವನ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 1766ರಲ್ಲಿ ಇಂಗ್ಲೆಂಡಿನ ಸರೆ ಪ್ರಾಂತದಲ್ಲಿ ಹುಟ್ಟಿದ ಥಾಮಸ್ ರಾಬರ್ಟ್ ಮಾಲ್ಥಸ್ ಸೀಳುತುಟಿಯವನು. ಮಾತು ಅಸ್ಪಷ್ಟ, ಸ್ವಭಾವ ಸೌಮ್ಯ. ಕೇಂಬ್ರಿಜ್‌ನಲ್ಲಿ ಗಣಿತವನ್ನೋದಿ ಪಾದ್ರಿಯಾದ. ತಂದೆ ಡೇನಿಯಲ್ ರೂಸೋವಿನ ಅಭಿಮಾನಿ. ಸಮಾಜವನ್ನು ತಿದ್ದಿದರೆ ಮನುಷ್ಯನ ಸುಖಕ್ಕೆ ಎಲ್ಲೆಯಿಲ್ಲವೆಂದು ನಂಬಿದವನು. ಗಾಡ್ವಿನ್ನನ ವಿಚಾರಗಳನ್ನು ಕುರಿತು ತಂದೆಮಗನಿಗೆ ನಡೆದ ವಾದವೇ 1798ರಲ್ಲಿ, ಕರ್ತೃವಿನ ಹೆಸರಿಲ್ಲದೆ, ಗ್ರಂಥವಾಗಿ ಹೊರಬಂದಿತು.

ಫ್ರಾನ್ಸಿನ ಕ್ರಾಂತಿಗೆ ಬೆದರಿದ್ದ ಇಂಗ್ಲೆಂಡಿನ ಸಿರಿವಂತರಿಗೆ, ಬಡತನಕ್ಕೆ ಬಡವರ ಸಂತಾನವೇ ಕಾರಣವೆಂಬ ಮಾತು ಅಮೃತದಂತಾಯಿತು. ಮಾಲ್ಥಸ್ ಕಪಟಿಯಲ್ಲ. ತನ್ನ ಕಾಲದ ಆಸ್ತಿವ್ಯವಸ್ಥೆಯನ್ನು ಅವನು ನಿಸರ್ಗದ ನಿಯಮವೆಂದೇ ಕಂಡ, ತೊಡಕಿರುವುದು ಅಲ್ಲಿಯೇ. 1800ರ ಕಿರುಹೊತ್ತಗೆಯಲ್ಲಿ, ಧಾನ್ಯದ ಬೆಲೆ ಫಸಲಿನ ಕೊರತೆಯಿಂದಷ್ಟೇ ಅಲ್ಲ, ಕೊಳ್ಳುವವರ ಕೈಯಲ್ಲಿರುವ ಹಣದಿಂದಲೂ ಏರುವುದೆಂದು ಅವನೇ ತೋರಿಸಿದ್ದ. ಹಸಿವಿಗೂ ಹಣಕ್ಕೂ ಇರುವ ನಂಟನ್ನು ಹೀಗೆ ಮುಟ್ಟಿದವನು ಮುಂದಕ್ಕೆ ಹೋಗಲಿಲ್ಲ. 1803ರ ಆವೃತ್ತಿಯಲ್ಲಿ, ಬೇಡದೆ ಹುಟ್ಟಿದ ಬಡವನಿಗೆ ನಿಸರ್ಗದ ಔತಣದಲ್ಲಿ ಎಲೆಯಿಲ್ಲವೆಂಬ ಅರ್ಥದ ಮಾತನ್ನು ಸೇರಿಸಿದ. 1806ರ ಆವೃತ್ತಿಯಲ್ಲಿ ತಾನೇ ಕಿತ್ತುಹಾಕಿದ. ಮಾತು ಹೋಯಿತು, ಮತ ಉಳಿಯಿತು.

1805ರಿಂದ ಅವನು ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಪ್ರಾಧ್ಯಾಪಕ. ನಮ್ಮ ದೇಶವನ್ನಾಳಲು ಬರುವ ಹುಡುಗರಿಗೆ 1834ರಲ್ಲಿ ಸಾಯುವವರೆಗೂ ಪಾಠ ಹೇಳಿದ. ಮೇಷ್ಟರಾದ ನಾನು ಈ ಸಂಗತಿಯನ್ನು ಸುಮ್ಮನೆ ದಾಟಲಾರೆ.

ಅವನ ತರುವಾಯ ಅದೇ ಕಾಲೇಜಿನಲ್ಲಿ ಓದಿದ ರಿಚರ್ಡ್ ಟೆಂಪಲ್ 1874ರ ಬಿಹಾರದ ಬರದಲ್ಲಿ ಅಕ್ಕಿ ತರಿಸಿ ಜನರನ್ನುಳಿಸಿದ; ದುಂದುಗಾರನೆಂದು ಬೈಸಿಕೊಂಡ. ಧಾತು ಈಶ್ವರ ಸಂವತ್ಸರಗಳ ಬರ ಬಂದಾಗ, 1877ರಲ್ಲಿ, ಅದೇ ಟೆಂಪಲ್ ಮದ್ರಾಸ್ ಪ್ರಾಂತದ ಬರಗಾಮಗಾರಿಯ ದಿನಗೂಲಿಯ ಧಾನ್ಯದ ಪಾಲನ್ನು ಒಂದು ಪೌಂಡಿಗೆ ಇಳಿಸಿದ. ಬಳ್ಳಾರಿ ಆಗ ಆ ಪ್ರಾಂತಕ್ಕೇ ಸೇರಿತ್ತು. ಧಾನ್ಯದ ವ್ಯಾಪಾರಕ್ಕೆ ಸರ್ಕಾರ ಕೈಹಾಕಕೂಡದೆಂದ ವೈಸರಾಯ್ ಲಿಟ್ಟನ್, ಜನ ಬೆಳೆಗಿಂತ ಬೇಗ ಹೆಚ್ಚುವರೆಂಬ ಹಳೆಯ ವಾದವನ್ನೂ ಮುಂದಿಟ್ಟ. ಇದೆಲ್ಲವನ್ನೂ ಮಾಲ್ಥಸ್‌ನೊಬ್ಬನ ತಲೆಗೆ ಕಟ್ಟುವುದು ಅನ್ಯಾಯ. ಆಡಂ ಸ್ಮಿತ್‌ನ ಶಿಷ್ಯರ ಪಾಲೂ ಇದರಲ್ಲುಂಟು. ಆದರೆ ಧಾನ್ಯ ಹಡಗೇರಿ ಪರದೇಶಕ್ಕೆ ಹೋಗುತ್ತಿರುವಾಗಲೂ ಹಸಿವನ್ನು ನಿಸರ್ಗದ ತೀರ್ಪೆಂದು ಕಾಣುವ ಕಣ್ಣು ಆ ಅಧಿಕಾರಿಗಳಿಗೆ ಬಂದದ್ದು ಅವನ ಪುಸ್ತಕದಿಂದಲೇ.

ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಸುಮಾರು 50 ಲಕ್ಷ ಜನರಿದ್ದರು. 1881ರಲ್ಲಿ ಸುಮಾರು 42 ಲಕ್ಷ.