ಬಟಾಣಿ ತೋಟದ ಮೌನಿ: ಗ್ರೆಗರ್ ಮೆಂಡೆಲ್

ನಾಲ್ಕು ಜನ ಸೇರಿದಲ್ಲಿ ಗಟ್ಟಿಯಾಗಿ ಮಾತನಾಡುವವರನ್ನು ನಾವು ಬೇಗ ಗುರುತಿಸುತ್ತೇವೆ. ಸಂಘದ ಅಧ್ಯಕ್ಷತೆ, ಕಾರ್ಯಕ್ರಮದ ನಿರೂಪಣೆ, ವಾರ್ಷಿಕ ಹಬ್ಬದ ಉಸ್ತುವಾರಿ ಎಲ್ಲವೂ ಅವರ ಪಾಲಿಗೆ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತವರನ್ನು ಇವರಿಂದ ಏನೂ ಆಗದು ಎಂದು ಬದಿಗಿಡುತ್ತೇವೆ. ಹಾಗೆ ಬದಿಗೆ ಸರಿಯಬಹುದಾಗಿದ್ದ ಒಬ್ಬ ಧರ್ಮಗುರುವಿನ ಬದುಕನ್ನು ಇಂದು ನೆನೆಯೋಣ.

ಯೊಹಾನ್ ಮೆಂಡೆಲ್ ಹುಟ್ಟಿದ್ದು 1822ರಲ್ಲಿ, ಆಗಿನ ಆಸ್ಟ್ರಿಯಾ ಸಾಮ್ರಾಜ್ಯದ, ಈಗಿನ ಚೆಕ್ ಗಣರಾಜ್ಯದ ಹಿಂಚಿತ್ಸೆ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ. ಮರ ಬಿದ್ದು ತಂದೆ ಗಾಯಗೊಂಡ ಮೇಲೆ ಮನೆಯಲ್ಲಿ ಕಷ್ಟ ಹೆಚ್ಚಿತು. ಹುಡುಗ ಮನೆಪಾಠ ಹೇಳಿ ಹೊಟ್ಟೆ ಹೊರೆದ. ಚಿಂತೆ ಹೆಚ್ಚಾದಾಗಲೆಲ್ಲ ಹಾಸಿಗೆ ಹಿಡಿಯುತ್ತಿದ್ದ. ತಂಗಿ ತೆರೇಸಿಯಾ ತನ್ನ ಮದುವೆಗೆಂದು ಇಟ್ಟಿದ್ದ ಪಾಲಿನಲ್ಲಿ ಒಂದಂಶವನ್ನು ಅಣ್ಣನ ಓದಿಗೆ ಕೊಟ್ಟಳು. ಮೆಂಡೆಲ್ ಆ ಋಣ ಮರೆಯಲಿಲ್ಲ. ಮುಂದೆ ಅವಳ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾದರು.

1843ರಲ್ಲಿ ಬ್ರನೊ ನಗರದ ಸಂತ ತೋಮಸರ ಆಗಸ್ಟೀನಿಯನ್ ಮಠ ಸೇರಿದಾಗ ಅವರಿಗೆ ಗ್ರೆಗರ್ ಎಂಬ ಹೆಸರಾಯಿತು. 1847ರಲ್ಲಿ ಯಾಜಕದೀಕ್ಷೆ ಪಡೆದರು. ಆದರೆ ಧರ್ಮಕೇಂದ್ರದ ಸೇವೆ ಅವರಿಗೆ ಒಗ್ಗಲಿಲ್ಲ. ರೋಗಿಗಳ, ಸಾಯುವವರ ಹಾಸಿಗೆಯ ಬಳಿ ನಿಂತರೆ ಅಂಜಿಕೆ ಅವರನ್ನು ಆವರಿಸುತ್ತಿತ್ತು. ಕೊನೆಗೆ ತಾವೇ ಕಾಯಿಲೆ ಬಿದ್ದರು. ಮಠಾಧಿಪತಿ ಸಿರಿಲ್ ನಾಪ್ ಅವರು ಈ ಕಿರಿಯ ಗುರುವನ್ನು ಗದರಿಸಲಿಲ್ಲ, ನಾಚಿಸಲಿಲ್ಲ. ಇರುವ ಸಂಗತಿಯನ್ನು ಧರ್ಮಾಧ್ಯಕ್ಷರಿಗೆ ತಿಳಿಸಿ, 1849ರಲ್ಲಿ ಜ್ನೊಯ್ಮೊ ಪಟ್ಟಣದ ಶಾಲೆಗೆ ಬದಲಿ ಶಿಕ್ಷಕರಾಗಿ ಕಳುಹಿಸಿದರು. ಅಲ್ಲಿ ಮೆಂಡೆಲ್ ಅರಳಿದರು.

ಆದರೂ 1850ರ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಅವರು ಉತ್ತೀರ್ಣರಾಗಲಿಲ್ಲ. ನಾಪ್ ಅವರು ಮೆಂಡೆಲ್‌ರನ್ನು 1851ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಡಾಪ್ಲರ್‌ರಂತಹವರ ಬಳಿ ಭೌತಶಾಸ್ತ್ರ ಕಲಿತು 1853ರಲ್ಲಿ ಹಿಂದಿರುಗಿದರು. 1856ರಲ್ಲಿ ಮತ್ತೆ ಪರೀಕ್ಷೆಗೆ ಕುಳಿತು, ಮಧ್ಯದಲ್ಲೇ ಕೈಬಿಟ್ಟು ಕಾಯಿಲೆ ಬಿದ್ದರು. ಹೀಗಾಗಿ 1868ರವರೆಗೂ ಬದಲಿ ಶಿಕ್ಷಕರಾಗಿಯೇ ಉಳಿದರು.

ಅದೇ 1856ರಲ್ಲಿ ಮಠದ ತೋಟದಲ್ಲಿ ಬಟಾಣಿ ಗಿಡಗಳ ಪ್ರಯೋಗ ಆರಂಭವಾಯಿತು. ಅವರ ಪಾತಿ ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲ. ಮೊಗ್ಗು ಬಿಡಿಸಿ ಕೇಸರ ಕಿತ್ತು, ಬೇರೊಂದು ಹೂವಿನ ಪರಾಗ ಹಚ್ಚಿ, ಕೀಟ ಮುಟ್ಟದಂತೆ ಚೀಲ ಕಟ್ಟಬೇಕು. ನಂತರ ಕಾಯಬೇಕು, ಎಣಿಸಬೇಕು. ಎಂಟು ವರ್ಷ ಇದೇ ಕೆಲಸ, ಸುಮಾರು 28,000 ಗಿಡಗಳು! ನುಣುಪು ಬೀಜದ ಗಿಡಕ್ಕೂ ಸುಕ್ಕು ಬೀಜದ ಗಿಡಕ್ಕೂ ಕೂಡಿಸಿದರೆ ಮೊದಲ ತಲೆಮಾರಿನಲ್ಲಿ ಸುಕ್ಕು ಮಾಯ. ಎರಡನೆಯದರಲ್ಲಿ ಅದು ಮರಳಿ ಬಂತು: ನುಣುಪು 5,474, ಸುಕ್ಕು 1,850. ಮೂರಕ್ಕೆ ಒಂದು. ಉಳಿದ ಆರು ಗುಣಗಳಲ್ಲಿಯೂ ಹೆಚ್ಚುಕಡಿಮೆ ಇದೇ ಲೆಕ್ಕ. ಮರೆಯಾದ ಗುಣ ಅಳಿಯುವುದಿಲ್ಲ, ಅಡಗಿರುತ್ತದೆ ಎಂದು ಅವರು ತೋರಿಸಿಕೊಟ್ಟರು. ಜನಸಂದಣಿಯಲ್ಲಿ ಕುಗ್ಗುತ್ತಿದ್ದ ಮನಸ್ಸು ಈ ಏಕಾಂತದ ಕೆಲಸದಲ್ಲಿ ಒಮ್ಮೆಯೂ ದಣಿಯಲಿಲ್ಲ ಎಂದರೆ ತಪ್ಪಾಗಲಾರದು.

1865ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಬ್ರನೊದ ವಿಜ್ಞಾನ ಸಂಘದಲ್ಲಿ ಅವರು ಇದನ್ನು ಓದಿದರು. 1866ರಲ್ಲಿ ಅಚ್ಚಾಯಿತು. 40 ಪ್ರತಿಗಳನ್ನು ತರಿಸಿಕೊಂಡು ಕೆಲವನ್ನು ವಿದ್ವಾಂಸರಿಗೆ ಕಳುಹಿಸಿದರು. ಮ್ಯೂನಿಕ್‌ನ ಪ್ರಾಧ್ಯಾಪಕ ನೇಗೆಲಿ ಪತ್ರ ಬರೆದರೂ ಅದರ ಬೆಲೆ ಅರಿಯಲಿಲ್ಲ. ಮೆಂಡೆಲ್ ಊರೂರು ತಿರುಗಿ ವಾದಿಸುವವರಲ್ಲ. 1868ರಲ್ಲಿ ಸಹೋದರ ಗುರುಗಳು ಅವರನ್ನೇ ಮಠಾಧಿಪತಿಯಾಗಿ ಆರಿಸಿದ ಮೇಲೆ ಪ್ರಯೋಗಗಳಿಗೆ ಸಮಯ ಸಿಗಲಿಲ್ಲ. ಆದರೆ ಅವರು ಅಂಜುಬುರುಕರಲ್ಲ ಎಂಬುದೂ ಆಗಲೇ ಗೊತ್ತಾಯಿತು. 1874ರಲ್ಲಿ ಸರಕಾರ ಮಠಗಳ ಮೇಲೆ ತೆರಿಗೆ ಹೇರಿದಾಗ ಅದು ಅನ್ಯಾಯವೆಂದು ಕೊನೆಯವರೆಗೂ ಮಣಿಯದೆ ನಿಂತರು.

1884ರ ಜನವರಿ 6ರಂದು ಅವರು ತೀರಿಕೊಂಡಾಗ ಊರು ಒಬ್ಬ ಒಳ್ಳೆಯ ಮಠಾಧಿಪತಿಗಾಗಿ ಅತ್ತಿತು. 1900ರಲ್ಲಿ ಡಿ ವ್ರೀಸ್, ಕೊರೆನ್ಸ್, ಚೆರ್ಮಾಕ್ ಎಂಬ ಮೂವರು ಬೇರೆ ಬೇರೆ ದಾರಿಯಿಂದ ಅದೇ ನಿಯಮಕ್ಕೆ ಬಂದರು. ಆಗ ಹಳೆಯ ಲೇಖನ ಬೆಳಕಿಗೆ ಬಂತು. ಅನುವಂಶೀಯತೆಯ ಶಾಸ್ತ್ರ ಇಂದಿಗೂ ಅದರ ಮೇಲೆಯೇ ನಿಂತಿದೆ.

ಮೌನವೇ ದೊಡ್ಡ ಗುಣವೆಂದು ನಾವು ಹೇಳುತ್ತಿಲ್ಲ. ಆ ಲೇಖನ 34 ವರ್ಷ ಬಹುಮಟ್ಟಿಗೆ ಮೂಲೆಯಲ್ಲಿತ್ತು, ಏಕೆಂದರೆ ಅದನ್ನು ಎತ್ತಿ ಹೇಳುವವರು ಇರಲಿಲ್ಲ. ಮಾತು ಬಲ್ಲವರ ಕೆಲಸ ಅಲ್ಲಿದೆ. ಇನ್ನು ನಾಪ್‌ರಂತಹ ಹಿರಿಯರ ಕೆಲಸ ಅದಕ್ಕೂ ಮೊದಲಿನದು. ಒಬ್ಬನಿಗೆ ಆಗದ್ದನ್ನು ಕಂಡು ಕೈಬಿಡದೆ, ಆಗುವುದನ್ನು ಹುಡುಕಿಕೊಟ್ಟವರು ಅವರು. ಮುಂದಿನ ಬಾರಿ ಸಭೆಯಲ್ಲಿ ಹೆಸರು ಬರೆಯುವಾಗ ಹಿಂದಿನ ಬೆಂಚಿನತ್ತ ಒಮ್ಮೆ ತಿರುಗಿ ನೋಡೋಣ. ಅವರಿಗೆ ಮೈಕ್ ಬೇಡವಾಗಿರಬಹುದು. ಒಂದು ಪಾತಿ ಜಾಗ ಸಾಕಾಗಬಹುದು.