ಗುಳಿಬಿದ್ದ ಕ್ರೋಮ್‌ ಉಜ್ಜಿದರೆ ಸರಿಹೋಗುತ್ತದೆಯೇ? ಕ್ರೋಮಿಯಂ ಕಂಡುಹಿಡಿದ ವೊಕ್ಲಾನ್ ಕಥೆ

ಹಳೆ ಟ್ರಕ್ಕಿನ ಬಂಪರ್‌ನ ಕ್ರೋಮ್‌ನಲ್ಲಿ ಗುಳಿ ಬಿದ್ದರೆ ಪಾಲಿಶ್ ಸಾಕೇ? ಉತ್ತರಕ್ಕೆ ಮುನ್ನ ಈ ಲೋಹವನ್ನು ಕಂಡುಹಿಡಿದವರ ಬಗ್ಗೆ ನಾವು ತಿಳಿಯೋಣ.

ಲೂಯಿ ನಿಕೋಲಾ ವೊಕ್ಲಾನ್ 1763ರಲ್ಲಿ ಫ್ರಾನ್ಸ್‌ನ ನಾರ್ಮಂಡಿಯಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದರು. ಔಷಧಿ ಅಂಗಡಿಯಲ್ಲಿ ದುಡಿಯುತ್ತಲೇ ರಸಾಯನಶಾಸ್ತ್ರದತ್ತ ಬಂದರು. 1797ರಲ್ಲಿ ಸೈಬೀರಿಯಾದ ಕೆಂಪು ಸೀಸದ ಅದಿರಿನಲ್ಲಿ ಹೊಸ ಧಾತು ಪತ್ತೆಹಚ್ಚಿ, ಮರುವರ್ಷ ಲೋಹವನ್ನು ಬೇರ್ಪಡಿಸಿದರು. ಅದರ ಸಂಯುಕ್ತಗಳು ಬಣ್ಣಬಣ್ಣವಾಗಿದ್ದರಿಂದ, ಬಣ್ಣ ಎಂಬರ್ಥದ ಗ್ರೀಕ್ ಪದದಿಂದ ಕ್ರೋಮಿಯಂ ಎಂಬ ಹೆಸರು ಬಂತು. ಅವರು ತೀರಿಕೊಂಡದ್ದು 1829ರಲ್ಲಿ. ವಾಹನಗಳಿಗೆ ಕ್ರೋಮ್ ಲೇಪನ ಬಂದದ್ದು 1920ರ ದಶಕದಲ್ಲಿ.

ಈಗ ಉತ್ತರ: ಸಾಲದು. ತುಕ್ಕು ಹಿಡಿಯುವುದು ಕ್ರೋಮ್ ಅಲ್ಲ, ಸೂಕ್ಷ್ಮ ಬಿರುಕುಗಳಿಂದ ನೀರು ತಾಗಿದ ಕೆಳಗಿನ ಉಕ್ಕು. ಉಜ್ಜಿದರೆ ಕಲೆ ಹೋದೀತು, ಗುಳಿ ತುಂಬದು. ಹಳೆ ಲೇಪನ ತೆಗೆದು ತಾಮ್ರ, ನಿಕಲ್, ಕ್ರೋಮ್ ಮತ್ತೆ ಲೇಪಿಸಬೇಕು. ಇದಕ್ಕೆ ಬಳಸುವ ಕ್ರೋಮಿಕ್ ಆಮ್ಲ ಕ್ಯಾನ್ಸರ್‌ಕಾರಕ, ಮನೆಯಲ್ಲಿ ಪ್ರಯತ್ನಿಸಬೇಡಿ.